ಖಾತ್ರಿ ಬೇಕು ಮೇಡಂ

ದೇವರ ವಿಷಯದಲ್ಲಿ ತಪ್ಪಾಯಿತೇನೋ ಎಂಬ ಅನುಮಾನ ಬಿಡದವರು ವರ್ಷಕ್ಕೆ ಮೂರು ನಾಲ್ಕು ಮಂದಿಯಾದರೂ ನನ್ನ ಹತ್ತಿರ ಸಮಾಲೋಚನೆಗೆ ಬರುತ್ತಾರೆ. ಈ ಪ್ರಕರಣವನ್ನೇ ಬರೆಯುತ್ತಿರುವುದು ಯಾಕೆಂದರೆ ಇದರಲ್ಲಿ ನಾನೂ ಎಡವಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಜೋಸೆಫ್ ಅಂತ ಕರೆಯೋಣ.

ವಯಸ್ಸು 36. ಲೆಕ್ಕ ಬರೆಯುವ ಕೆಲಸ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತಾರೆ. ಕರೆದುಕೊಂಡು ಬಂದದ್ದು ಹೆಂಡತಿ. "ಇವರು ಒಳ್ಳೆಯವರಾಗೋಕೆ ಹೋಗಿ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ ಮೇಡಂ" ಅಂದರು.

ಜೋಸೆಫ್ ಮಾತಿಗಿಂತ ಮೊದಲು ಬಲ ಅಂಗೈ ಚಾಚಿದರು. ಟ್ಯೂಬ್‌ಲೈಟ್ ಬೆಳಕಿಗೆ ಹಿಡಿದು, ಬೆರಳ ಸಂದಿ ಬಿಡಿಸಿ, "ಏನಾದ್ರೂ ಕಾಣುತ್ತಾ ನೋಡಿ" ಅಂದರು. ನನಗೆ ಕಂಡದ್ದು ಉಜ್ಜಿ ಉಜ್ಜಿ ಕೆಂಪಾದ ಚರ್ಮ ಮಾತ್ರ. ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ, ಅಂದರೆ ರೊಟ್ಟಿಯ ತೆಳು ಬಿಲ್ಲೆ, ಕ್ರಿಸ್ತನ ದೇಹವೇ ಎಂಬುದು ಕಥೋಲಿಕರ ನಂಬಿಕೆ. ಅದರ ಸಣ್ಣ ಚೂರಿನಲ್ಲೂ ಪೂರ್ತಿ ಕ್ರಿಸ್ತನಿದ್ದಾನೆ. ಆ ಚೂರು ಅಂಗೈಯಲ್ಲಿ ಉಳಿದಿದ್ದರೆ? ಪೂಜೆ ಮುಗಿದು ಎಲ್ಲರೂ ಹೋದ ಮೇಲೂ ಇವರು ಬೆಂಚಿನಲ್ಲಿ ಕೂತು ಮುಕ್ಕಾಲು ಗಂಟೆ ಕೈ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಕೈ ತೊಳೆಯಲೂ ಭಯ, ನೀರು ಮೋರಿಗೆ ಹೋಗುತ್ತಲ್ಲ. ನಾಲಿಗೆ ಮೇಲೇ ತಗೊಳ್ಳಿ ಅಂತ ಹೆಂಡತಿ ಹೇಳಿದರೆ, ಹಲ್ಲಿನ ಸಂದಿಯ ಚಿಂತೆ ಶುರುವಾಯಿತು.

ಜೊತೆಗೊಂದು ಪಾಕೆಟ್ ನೋಟ್‌ಬುಕ್. ಮೊದಲ ಪುಟದಲ್ಲಿ ಮತ್ತಾಯನ ಸುವಾರ್ತೆಯ ಮಾತು: ಸ್ವರ್ಗದ ತಂದೆ ಪರಿಪೂರ್ಣನಾಗಿರುವಂತೆ ನೀವೂ ಪರಿಪೂರ್ಣರಾಗಿರಿ. ಅದರ ಕೆಳಗಿನಿಂದ ತಾರೀಕಿನ ಪ್ರಕಾರ ಪಾಪಗಳು. ಬಸ್ಸಿನಲ್ಲಿ ಯಾರನ್ನೋ ನೋಡಿದ್ದು. ಜಪಸರ ಹೇಳುವಾಗ ಕ್ರಿಕೆಟ್ ಸ್ಕೋರ್ ನೆನಪಾದದ್ದು. ಹಲ್ಲುಜ್ಜುವಾಗ ಪೇಸ್ಟ್ ನುಂಗಿರಬಹುದು ಎಂಬ ಅನುಮಾನ, ಯಾಕಂದರೆ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು. ಇದೆಲ್ಲ ಫಾದರ್ ಮುಂದೆ ಒಪ್ಪಿಸಲು ವಾರಕ್ಕೆ ನಾಲ್ಕು ಸಲ ಪಾಪನಿವೇದನೆ. ಒಂದೇ ಚರ್ಚಿನಲ್ಲಿ ನಾಚಿಕೆ ಅಂತ ಮೂರು ಚರ್ಚು ಸುತ್ತುತ್ತಿದ್ದರು.

ನಾನು ಕ್ರೈಸ್ತಳಲ್ಲ. ಆದರೆ ಮಡಿ ಸೀರೆ ಮೂರು ಸಲ ಹಿಂಡಿದರೂ ಸಮಾಧಾನ ಇಲ್ಲದ ಅಜ್ಜಿ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಜೂ ಮಾಡುತ್ತಲೇ ಇರುವ ಹುಡುಗ, ಇಬ್ಬರನ್ನೂ ನೋಡಿದ್ದೇನೆ. ಕಾಯಿಲೆ ಒಂದೇ, ವೇಷ ಬೇರೆ. ಇದು ಗೀಳು ರೋಗ. ಮೊದಲ ವಾರವೇ ಮನೋವೈದ್ಯರ ಹತ್ತಿರ ಕಳಿಸಿದೆ, ಮಾತ್ರೆ ಶುರುವಾಯಿತು. ಜೋಸೆಫ್ ಒಪ್ಪಿಗೆ ಕೊಟ್ಟ ಮೇಲೆ ಅವರ ಚರ್ಚಿನ ಹಿರಿಯ ಫಾದರ್ ಜೊತೆಗೂ ಮಾತಾಡಿದೆ.

ಫಾದರ್ ನಕ್ಕರು. "ನಮ್ಮಲ್ಲಿ ಇದಕ್ಕೆ ಹಳೇ ಹೆಸರಿದೆ, ಸ್ಕ್ರೂಪಲ್ಸ್. ಲ್ಯಾಟಿನ್‌ನಲ್ಲಿ ಸಣ್ಣ ಚೂಪು ಕಲ್ಲು ಅಂತ ಅರ್ಥ. ಚಪ್ಪಲಿಯೊಳಗೆ ಸಿಕ್ಕಿಕೊಳ್ಳುತ್ತಲ್ಲ, ಹಾಗೆ."

ನಾನು ಜೋಸೆಫ್‌ಗೆ ಕೊಟ್ಟ ಮೊದಲ ಸಲಹೆ ಹೇಳಿದೆ: ಅನುಮಾನ ಇದ್ದದ್ದನ್ನು ನಿವೇದಿಸಬೇಡಿ, ಖಂಡಿತ ಪಾಪ ಅಂತ ಗೊತ್ತಿದ್ದದ್ದನ್ನು ಮಾತ್ರ ಹೇಳಿ. ಫಾದರ್ ತಲೆ ಅಲ್ಲಾಡಿಸಿದರು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇಗ್ನೇಷಿಯಸ್ ಲೊಯೋಲಾ ಇದೇ ಕಾಟದಲ್ಲಿ ಬಿದ್ದಿದ್ದರಂತೆ. ಮುಂದೆ ಜೆಸ್ವಿಟ್ ಪಾದ್ರಿಗಳ ಯೇಸುಸಭೆ ಕಟ್ಟಿದವರು ಅವರೇ. ಹಳೇ ಪಾಪಗಳನ್ನು ಮತ್ತೆ ಮತ್ತೆ ಒಪ್ಪಿಸಿದರೂ ನೆಮ್ಮದಿ ಇಲ್ಲ. ಸಾಯುವ ಯೋಚನೆಯೂ ಬಂದಿತ್ತು. ಅವರ ಗುರು ಹೇಳಿದ್ದು, ತೀರಾ ಸ್ಪಷ್ಟವಾಗಿದ್ದರೆ ಮಾತ್ರ ಹಳೆಯದನ್ನು ಹೇಳು ಅಂತ. ಉಪಯೋಗವಾಗಲಿಲ್ಲ, ಯಾಕಂದರೆ ಇಗ್ನೇಷಿಯಸ್‌ಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಜೋಸೆಫ್ ಮುಂದಿನ ವಾರ ಬಂದಾಗ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಮುಂದೆ "ಖಂಡಿತ" ಅಂತ ಬರೆದುಕೊಂಡಿದ್ದರು. ನಾನು ಐನೂರು ವರ್ಷ ಹಳೆಯ ತಪ್ಪು ಮಾಡಿದ್ದೆ.

ನಾನು, ಫಾದರ್ ಸೇರಿ ಸಲಹೆ ಬದಲಿಸಿದೆವು. ಒಬ್ಬರೇ ಗುರು, ತಿಂಗಳಿಗೆ ಒಂದೇ ನಿವೇದನೆ, ಐದು ನಿಮಿಷ. ಒಮ್ಮೆ ಹೇಳಿದ್ದು ಮತ್ತೆ ಹೇಳುವಂತಿಲ್ಲ. ಪರಮಪ್ರಸಾದ ತಗೊಂಡ ಮೇಲೆ ಅಂಗೈ ಒಂದು ಸಲ ನೋಡುವುದು, ಎದ್ದು ಬರುವುದು. ಭಯ ಆದರೆ ಭಯದ ಜೊತೆಗೇ ಬರುವುದು. ವಿನಾಯಿತಿ ಯಾವುದಕ್ಕೂ ಇಲ್ಲ.

ಆರನೆಯ ಭೇಟಿಯಲ್ಲಿ ಸುಮ್ನೆ ಮಾತು ಬಂತು, ಭಾನುವಾರದ ಪಾಠ ಹೇಗೆ ನಡೆದಿದೆ ಅಂತ ಕೇಳಿದೆ. ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ತಯಾರು ಮಾಡುತ್ತಿದ್ದರು. ಜೋಸೆಫ್ ಮುಖ ಸಡಿಲವಾದದ್ದನ್ನು ಅವತ್ತೇ ಮೊದಲು ನೋಡಿದ್ದು. ಒಬ್ಬ ಹುಡುಗ ನಿವೇದನೆಗೆ ಮುಂಚೆ ಅಳುತ್ತಾ ಬಂದನಂತೆ. "ಸರ್, ಒಂದೇ ಪಾಪ ನೆನಪಾಗ್ತಿದೆ. ಬಾಕಿದು ಮರೆತೋಗಿದೆ. ಏನ್ ಮಾಡ್ಲಿ?"

"ನೀವೇನಂದ್ರಿ?"

"ನೆನಪಿದ್ದಷ್ಟು ಹೇಳು ಪುಟ್ಟಾ. ಮರೆತದ್ದನ್ನೂ ದೇವರು ಕ್ಷಮಿಸ್ತಾನೆ. ಹೋಗು ಅಂದೆ."

ಹೇಳಿ ಮುಗಿಸಿ ಸುಮ್ಮನಾದರು. ಅಂಗೈ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ನಾನೂ ಸುಮ್ಮನಿದ್ದೆ. ಇರಬೇಕಾಗಿದ್ದದ್ದು ಹಾಗೇ. ಆದರೆ ಅವರು ಆಮೇಲೆ, "ಅದು ಮಕ್ಕಳಿಗೆ ಮೇಡಂ. ನನ್ನ ವಿಷಯ ಬೇರೆ. ನನಗೆ ಖಾತ್ರಿ ಬೇಕು" ಅಂದಾಗ ನನ್ನ ಬಾಯಿ ತಡೆಯಲಿಲ್ಲ.

"ಅಂದ್ರೆ ದೇವರು ನಿಮಗೊಬ್ಬರಿಗೆ ಬೇರೆ ಕಾನೂನು ಇಟ್ಟಿದ್ದಾನಾ?"

ಅವರು ಎದ್ದು ಹೋದರು. ಮೂರು ವಾರ ಬರಲಿಲ್ಲ. ಮಾತು ಸರಿಯೇ, ಹೇಳಿದ ಹೊತ್ತು ತಪ್ಪು. ಹೆದರಿದವನಿಗೆ ಅಹಂಕಾರಿ ಅಂದ ಹಾಗಾಯಿತು. ನಾಲ್ಕನೆಯ ವಾರ ಬಂದವರು ನನ್ನ ಕ್ಷಮೆ ಕೇಳಿದರು, ನಾನು ಅವರ ಕ್ಷಮೆ ಕೇಳಿದೆ. "ಆ ಪ್ರಶ್ನೆ ಫಾದರ್‌ಗೆ ಹೇಳಿದೆ" ಅಂದರು. ಫಾದರ್ ಅವರಿಗೆ ಧರ್ಮದ್ರೋಹದ ಆರೋಪ ಹೊತ್ತ ಫ್ರಾನ್ಸಿನ ಹುಡುಗಿ ಜೋನ್ ಆಫ್ ಆರ್ಕ್ ಕಥೆ ಹೇಳಿದ್ದರು. 1431ರಲ್ಲಿ ವಿಚಾರಣೆ ನಡೆಸುತ್ತಿದ್ದವರು, ಹೌದು ಅಂದರೂ ಇಲ್ಲ ಅಂದರೂ ಅವಳು ಸಿಕ್ಕಿಬೀಳಲೆಂದು, ನೀನು ದೇವರ ಕೃಪೆಯಲ್ಲಿದ್ದೀಯಾ ಎಂದು ಕೇಳಿದರು. ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿ ಸೇರಿಸಲಿ, ಇದ್ದರೆ ಅಲ್ಲೇ ಇಡಲಿ ಅಂದಳಂತೆ ಆ ಹುಡುಗಿ. 1547ರಲ್ಲಿ ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆಯೂ ಹೇಳಿದ್ದು ಅದನ್ನೇ: ತಾನು ಕೃಪೆಯಲ್ಲಿದ್ದೇನೆ ಎಂದು ಯಾರಿಗೂ ತಪ್ಪಿಲ್ಲದ ಖಾತ್ರಿ ಸಿಗುವುದಿಲ್ಲ. ಜೋಸೆಫ್ ಧರ್ಮದ ಹೆಸರಲ್ಲಿ ಕೇಳುತ್ತಿದ್ದದ್ದು ಅವರ ಧರ್ಮ ಕೊಡುತ್ತೇನೆಂದು ಯಾವತ್ತೂ ಹೇಳದ ವಸ್ತು.

ಚರ್ಚೇ ಬಿಡಿಸಬೇಕಿತ್ತು ಅಂದ ಸಹೋದ್ಯೋಗಿಗೂ, ಇನ್ನೊಂದು ಧ್ಯಾನಕೂಟಕ್ಕೆ ಕಳಿಸಿದ್ದರೆ ಸಾಕಿತ್ತು ಅಂದ ಜೋಸೆಫ್ ಮಾವನಿಗೂ ನನ್ನ ಉತ್ತರ ಇದೇ. ಪರಿಪೂರ್ಣನಾಗಬೇಕೆಂಬ ಹಂಬಲ ರೋಗವಲ್ಲ. ಅದನ್ನು ಕಿತ್ತರೆ ಈ ಮನುಷ್ಯನಲ್ಲಿ ಏನು ಉಳಿಯುತ್ತಿತ್ತು ಎಂದು ನನಗೆ ಈಗಲೂ ಭಯ. ನಾನು ಕೈ ಹಾಕಿದ್ದು ಅಳೆದು ನೋಡುವ ಚಟಕ್ಕೆ ಮಾತ್ರ. ದೇವರ ವಿಷಯ ಫಾದರ್‌ಗೆ ಬಿಟ್ಟೆ.

ಒಂದು ವಿಷಯ ಬೇಕೆಂದೇ ನಾನು ಎತ್ತಲಿಲ್ಲ. ಜಾಗದ ಜಗಳದಲ್ಲಿ ಜೋಸೆಫ್ ಎರಡು ವರ್ಷದಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದರು. ಹೆಂಡತಿ ಹೇಳಿದ್ದು. ಅಷ್ಟು ದಪ್ಪ ನೋಟ್‌ಬುಕ್ಕಿನಲ್ಲಿ ಆ ಅಣ್ಣ ಒಂದು ಸಾಲಿನಲ್ಲೂ ಇರಲಿಲ್ಲ. ಮೊದಲ ಪುಟದ ಆ ವಾಕ್ಯಕ್ಕೆ ಹಿಂದಿನ ಸಾಲುಗಳನ್ನು ಓದಿ ನೋಡಿ: ವೈರಿಯನ್ನು ಪ್ರೀತಿಸಿ, ತಂದೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ ಅಂತಿದೆ. ಲೂಕನ ಸುವಾರ್ತೆಯಲ್ಲಿ ಆ ಜಾಗದಲ್ಲಿ ಪರಿಪೂರ್ಣತೆ ಎಂಬ ಪದವೇ ಇಲ್ಲ, ಕರುಣೆ ಇದೆ. ಬಾಯಿ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಪಾಪ ಎಣಿಸುವವನ ಕೈಗೆ ಇನ್ನೊಂದು ಪಾಪ ಕೊಡಬಾರದು. ಎಂಟು ತಿಂಗಳ ಮೇಲೆ ಅವರೇ ಒಂದು ದಿನ, "ಅಣ್ಣನ ಮಗಳ ಮದುವೆಗೆ ಹೋಗಿದ್ದೆ" ಅಂದರು. ಊಟ ಚೆನ್ನಾಗಿತ್ತಂತೆ. ನಾನು ಮುಂದೆ ಕೇಳಲಿಲ್ಲ.

ಪೂರ್ತಿ ಗುಣವಾಗಿಲ್ಲ. ಆಗಾಗ ಮೆಸೇಜ್ ಬರುತ್ತದೆ. ಸಮಾಧಾನ ಹೇಳಿದರೆ ಹತ್ತು ನಿಮಿಷ ಹಾಯಾಗಿರುತ್ತಾರೆ, ಹನ್ನೊಂದನೆಯ ನಿಮಿಷಕ್ಕೆ ಮತ್ತೆ ಬೇಕು. ಹಾಗಾಗಿ ಉತ್ತರ ಕೊಡುವುದಿಲ್ಲ ಎಂದು ಮೊದಲೇ ಮಾತಾಗಿದೆ. ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಬಂತು: "ಕೆಮ್ಮಿನ ಟಾನಿಕ್ ಕುಡಿದೆ. ಪರಮಪ್ರಸಾದ ತಗೋಬಹುದಾ?" ನೀರು, ಔಷಧಿಗೆ ಆ ಒಂದು ಗಂಟೆಯ ನಿಯಮ ಇಲ್ಲ. ಅವರೇ ಮಕ್ಕಳಿಗೆ ಹೇಳಿಕೊಡುವ ಪಾಠ ಅದು. ಫೋನ್ ಮಗುಚಿಟ್ಟು ದೋಸೆ ಹುಯ್ಯಲು ಹೋದೆ, ಮೊದಲನೆಯದು ಸೀದೇ ಹೋಯಿತು. ಒಂಬತ್ತಕ್ಕೆ ಇನ್ನೊಂದು ಮೆಸೇಜ್ ಬಂದಿತ್ತು.

"ತಗೊಂಡೆ."