ಗಾಳಿಗೂ ಬೆಟ್ಟ ಹತ್ತೋಕೆ ದಮ್ಮು ಬೇಕು

ಪ್ರಶ್ನೆ: ಡಿಸೆಂಬರ್‌ನಲ್ಲಿ ನಂದಿ ಬೆಟ್ಟಕ್ಕೆ ಹೋಗಿದ್ದೆವು. ಬೆಳಗ್ಗೆ ಆರೂವರೆಗೆ ಮೇಲೆ ನಿಂತು ನೋಡಿದರೆ ಮಂಜು ಬೆಟ್ಟ ಹತ್ತುತ್ತಲೇ ಇರಲಿಲ್ಲ. ಬೆಟ್ಟದ ಸೊಂಟದ ಹತ್ತಿರ ಎರಡಾಗಿ ಸೀಳಿ ಪಕ್ಕದಿಂದ ಹರಿದುಹೋಗುತ್ತಿತ್ತು. ಗಾಳಿ ಬೆಟ್ಟ ಹತ್ತಿ ಇಳಿಯಬೇಕು ಅಲ್ವಾ? ಹತ್ತುತ್ತೋ ಇಲ್ಲವೋ ಅಂತ ಮೊದಲೇ ಹೇಳಬಹುದಾ?
– ಯಲಹಂಕದ ಓದುಗರೊಬ್ಬರು

ಉತ್ತರ: ಹೇಳಬಹುದು. ಲೆಕ್ಕವೂ ಒಂದೇ ಸಾಲಿನದು. ಮೊದಲು ನನ್ನ ಉಪ್ಪುನೀರಿನ ಕತೆ ಕೇಳಿ.

ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಪಾಠ ಮಾಡಿದವನು ನಾನು. ರಿಟೈರ್ ಆದರೂ ಚಟ ಹೋಗಿಲ್ಲ. ನಿಮ್ಮ ಪತ್ರ ಓದಿದ ಭಾನುವಾರ ಅಟ್ಟದ ಮೇಲಿದ್ದ ಹಳೆಯ ಮೀನಿನ ತೊಟ್ಟಿ ಇಳಿಸಿದೆ. ತಳಕ್ಕೆ ಮೂರು ಬೆರಳು ಉಪ್ಪುನೀರು, ಅದಕ್ಕೆ ನೀಲಿ ಇಂಕು. ಅದರ ಮೇಲೆ ಸೌಟಿನ ಬೆನ್ನಿನಿಂದ ನಿಧಾನವಾಗಿ ಇಳಿಸಿದ ಸಪ್ಪೆ ನೀರು. ಎರಡೂ ಬೆರೆಯದೆ ನಿಂತವು. ಅಡುಗೆಮನೆಯ ಕುಟ್ಟಾಣಿಯನ್ನು ಬೋರಲು ಹಾಕಿ, ದಾರ ಕಟ್ಟಿ ಎಳೆದೆ. ಮೊದಲ ಸಲ ಕೈ ಜೋರಾಗಿ ಎಲ್ಲ ಕಲಸಿಹೋಯಿತು. ತೊಟ್ಟಿ ಖಾಲಿ ಮಾಡಿ ಮತ್ತೆ ಶುರು. (ಉಪ್ಪಿನ ಪ್ಯಾಕೆಟ್ ಎಲ್ಲಿ ಹೋಯ್ತು ಅಂತ ನಮ್ಮನೆಯವರು ಇನ್ನೂ ಕೇಳುತ್ತಿದ್ದಾರೆ.)

ಎರಡನೇ ಸಲ ಇರುವೆ ನಡೆದ ಹಾಗೆ ಎಳೆದೆ. ನೀಲಿ ನೀರು ಕುಟ್ಟಾಣಿಯ ತಲೆ ಹತ್ತಲೇ ಇಲ್ಲ. ಎರಡೂ ಪಕ್ಕದಿಂದ ಸರಿದು ಹಿಂದೆ ಹೋಗಿ ಕೂಡಿಕೊಂಡಿತು. ಸ್ವಲ್ಪ ಜೋರು ಮಾಡಿದಾಗ ನೀಲಿ ನಾಲಿಗೆಯೊಂದು ತಲೆ ದಾಟಿ ಆಚೆ ಜಾರಿತು. ನೀವು ನಂದಿಯಲ್ಲಿ ನೋಡಿದ್ದು ಆ ಇರುವೆ ನಡಿಗೆಯ ಆಟವನ್ನೇ.

ಚಳಿಗಾಲದ ರಾತ್ರಿ ನೆಲ ತಣ್ಣಗಾಗುತ್ತದೆ. ನೆಲ ಮುಟ್ಟಿದ ಗಾಳಿ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಹಗುರ ಗಾಳಿ. ಕೆಳಗಿನದನ್ನು ಸ್ವಲ್ಪ ಎತ್ತಿ ಬಿಟ್ಟರೆ ವಾಪಸ್ ಬೀಳುತ್ತದೆ, ಬಿದ್ದ ರಭಸಕ್ಕೆ ಇನ್ನೂ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಉಯ್ಯಾಲೆ ಇದ್ದ ಹಾಗೆ. ಪದರಗಳು ಬಿಗಿಯಾಗಿದ್ದಷ್ಟೂ ತೂಗಾಟ ಬೇಗ. ಇದಕ್ಕೆ ಬ್ರಂಟ್-ವೈಸಲ ಆವರ್ತನ ಅಂತ ದೊಡ್ಡ ಹೆಸರಿದೆ. ಒಂದು ತೂಗಾಟಕ್ಕೆ ಐದು ನಿಮಿಷ, ಅಂದರೆ 300 ಸೆಕೆಂಡ್ ಹಿಡಿದರೆ, 6.28 ಅನ್ನು (ಪೈನ ಎರಡರಷ್ಟು, ಒಂದು ಪೂರ್ತಿ ತೂಗಾಟದ ಲೆಕ್ಕ) 300ರಿಂದ ಭಾಗಿಸಿ. ಸುಮಾರು 0.02 ಬರುತ್ತದೆ.

ಈಗ ಗಾಳಿಯ ವೇಗವನ್ನು ಆ 0.02ರಿಂದ ಭಾಗಿಸಿ. ಬರುವ ಮೀಟರೇ ಗಾಳಿಗಿರುವ ದಮ್ಮು. ಸೆಕೆಂಡಿಗೆ 4 ಮೀಟರ್ ಗಾಳಿ ಅಂದರೆ 200 ಮೀಟರ್. ನಂದಿಯ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ಸುಮಾರು 550 ಅಂತಿಟ್ಟುಕೊಳ್ಳಿ. ತುದಿಯಿಂದ ಕೆಳಗೆ 200 ಮೀಟರ್‌ವರೆಗಿನ ಗಾಳಿ ಮಾತ್ರ ಬೆಟ್ಟ ದಾಟುತ್ತದೆ. ಅದರ ಕೆಳಗಿನ 350 ಮೀಟರ್ ಗಾಳಿ ಪಕ್ಕದ ದಾರಿ ಹಿಡಿಯುತ್ತದೆ. ನೀವು ಸೊಂಟ ಅಂದಿರಲ್ಲ, ಅದು ಅಲ್ಲೇ.

ಬಿಸಿಲೇರಿದರೆ ನೆಲ ಕಾದು ಪದರಗಳು ಕಲಸಿಹೋಗುತ್ತವೆ. ಭಾಗಿಸುವ ಸಂಖ್ಯೆ ಸೊನ್ನೆಯ ಹತ್ತಿರ ಬರುತ್ತದೆ, ದಮ್ಮು ಬೆಟ್ಟಕ್ಕಿಂತ ಜಾಸ್ತಿಯಾಗುತ್ತದೆ. ಮಧ್ಯಾಹ್ನದ ಗಾಳಿ ಆರಾಮಾಗಿ ಬೆಟ್ಟ ದಾಟುತ್ತದೆ.

ಓಡುವ ಗಾಳಿಯ ಶಕ್ತಿ ಪೂರ್ತಿ ಹತ್ತುವುದಕ್ಕೇ ಖರ್ಚಾದರೆ ಎಷ್ಟು ಎತ್ತರ ಹೋದೀತು ಅನ್ನುವ ಯೋಚನೆ ಹವಾಮಾನ ವಿಜ್ಞಾನಿ ಷೆಪರ್ಡ್ ಅವರದು, 1956ರಲ್ಲಿ. 1980ರಲ್ಲಿ ಹಂಟ್ ಮತ್ತು ಸ್ನೈಡರ್ ಗುಡ್ಡದ ಮಾದರಿಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಎಳೆದೇ ಪರೀಕ್ಷೆ ಮಾಡಿದರು. ಅವರ ತೊಟ್ಟಿ ನನ್ನದಕ್ಕಿಂತ ದೊಡ್ಡದು ಬಿಡಿ. ಒಂದು ಎಚ್ಚರಿಕೆ: ಈ ಲೆಕ್ಕ ಒಂಟಿ ಗುಡ್ಡಕ್ಕೆ, ಒಂದೇ ಸಮನೆ ಬೀಸುವ ಗಾಳಿಗೆ. ಎತ್ತರಕ್ಕೆ ಹೋದಂತೆ ವೇಗ ಬದಲಾಗುತ್ತಿದ್ದರೆ, ಬಲೂನು ಹಾರಿಸಿ ಪದರ ಪದರದ ಉಷ್ಣತೆ, ವೇಗ ಎರಡನ್ನೂ ಅಳೆದು ಕೂಡಿಸಬೇಕು. ಇಲ್ಲದಿದ್ದರೆ ಉತ್ತರ ಸುಮ್ನೆ ಅಂದಾಜು.

ಪ್ರಶ್ನೆ: ಹಾಗಿದ್ದರೆ ಮುಂಗಾರು ಗಾಳಿ ಪಶ್ಚಿಮ ಘಟ್ಟವನ್ನು ಹೇಗೆ ಹತ್ತುತ್ತೆ?
– ರಾಜಾಜಿನಗರದ ಓದುಗರೊಬ್ಬರು

ಉತ್ತರ: ಸುಮಾರು 1,600 ಕಿಲೋಮೀಟರ್ ಉದ್ದದ ಗೋಡೆ ಅದು. ಸುತ್ತಿ ಹೋಗೋಣ ಅಂದರೆ ದಾರಿ ಎಲ್ಲಿದೆ? ಪಾಲಕ್ಕಾಡ್ ಹತ್ತಿರ ಒಂದು ಕಂಡಿ ಇದೆ, ಅಲ್ಲಿ ಗಾಳಿ ನುಗ್ಗುವುದರಿಂದಲೇ ಕೊಯಮತ್ತೂರಿನ ಕಡೆ ಅಷ್ಟೊಂದು ಗಾಳಿಯಂತ್ರಗಳು. ಉಳಿದ ಕಡೆ ಹತ್ತಲೇಬೇಕು. ಜೋರು ಮುಂಗಾರಿನಲ್ಲಿ ಸೆಕೆಂಡಿಗೆ 15 ಮೀಟರ್ ವೇಗ ಇದ್ದು, ಭಾಗಿಸುವ ಸಂಖ್ಯೆ 0.01 ಆದರೆ ದಮ್ಮು 1,500 ಮೀಟರ್. ಆಗುಂಬೆ ಇರುವುದು 650 ಮೀಟರ್ ಆಸುಪಾಸಿನಲ್ಲಿ. ಸಾಲದ್ದಕ್ಕೆ ಏರುವಾಗ ಆವಿ ನೀರಾಗಿ ಶಾಖ ಬಿಡುತ್ತದೆ. ಆ ಶಾಖ ಗಾಳಿಯನ್ನು ಹಗುರ ಮಾಡಿ ಹಿಂದಿನಿಂದ ತಳ್ಳಿದ ಹಾಗೆ. ಆ ನೀರೆಲ್ಲ ಘಟ್ಟದಲ್ಲೇ ಸುರಿದು ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ನಮ್ಮ ಬೆಂಗಳೂರಿಗೆ ಸಾವಿರವೂ ಇಲ್ಲ.

ಇನ್ನೊಂದು ವಿಷಯ. ಘಟ್ಟ ಮುಂದಿದೆ ಅನ್ನುವುದು ಗಾಳಿಗೆ ಕಡಲ ಮೇಲಿರುವಾಗಲೇ ಗೊತ್ತಾಗುತ್ತದೆ. ವೇಗ ತಗ್ಗಿ ಹಿಂದಿನ ಗಾಳಿ ಬಂದು ಒತ್ತರಿಸುತ್ತದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ಥರ. ಕರಾವಳಿಗಿಂತ ಮೊದಲೇ ಸಮುದ್ರದ ಮೇಲೆ ಮಳೆ ಸುರಿಯಲು ಇದೂ ಒಂದು ಕಾರಣ ಎಂದು 1984ರಲ್ಲಿ ಗ್ರಾಸ್‌ಮನ್ ಮತ್ತು ಡರಾನ್ ವಾದಿಸಿದರು.

ಪ್ರಶ್ನೆ: ನಮ್ಮ ಮೂವತ್ತು ಮಹಡಿಯ ಅಪಾರ್ಟ್‌ಮೆಂಟಿಗೂ ಈ ಲೆಕ್ಕ ಹಾಕಬಹುದಾ?
– ಹೆಬ್ಬಾಳದ ಓದುಗರೊಬ್ಬರು

ಉತ್ತರ: ಬೇಡಿ. ಕಟ್ಟಡದ ಮೂಲೆ ಚೂಪು, ಗಾಳಿ ಅಲ್ಲೇ ಹರಿದು ಸುಳಿಯಾಗುತ್ತದೆ. ಅದರ ಲೆಕ್ಕವೇ ಬೇರೆ. ಬಾಲ್ಕನಿಯಲ್ಲಿ ಒಣಗಿಸುವ ಬಟ್ಟೆಗೆ ಎರಡು ಕ್ಲಿಪ್ ಜಾಸ್ತಿ ಹಾಕಿ.