ಸಂಪಾದಕರ ಉತ್ತರ: ಬಿಡಿಭಾಗಕ್ಕೆಂದೇ ಪಡೆದ ಯುದ್ಧನೌಕೆ

ಮಲ್ಲೇಶ್ವರದ ಓದುಗರಿಗೆ ನಮಸ್ಕಾರ.

ಅಮೆರಿಕದ ಆಲಿವರ್ ಹಜಾರ್ಡ್ ಪೆರ್ರಿ ವರ್ಗದ ಕ್ಷಿಪಣಿ ಫ್ರಿಗೇಟ್‌ಗಳ (ಮಧ್ಯಮ ಗಾತ್ರದ ಯುದ್ಧನೌಕೆಗಳ) ಬಗೆಗಿನ ನಮ್ಮ ಲೇಖನವನ್ನು ಓದಿ ತಾವು ಎರಡು ಆಕ್ಷೇಪಗಳನ್ನು ಬರೆದಿದ್ದೀರಿ. ಈ ವರ್ಗದ, ನಿವೃತ್ತವಾದ ‘ಡಂಕನ್’ ಹಡಗನ್ನು ತುರ್ಕಿ 1999ರಲ್ಲಿ ಬಿಡಿಭಾಗಗಳಿಗೆಂದೇ ಪಡೆದದ್ದು ಶಿವಾಜಿನಗರದ ಗುಜರಿ ವ್ಯಾಪಾರವಲ್ಲದೆ ಮತ್ತೇನು ಎಂಬುದು ಮೊದಲನೆಯದು. ಎಂಜಿನ್ ಹಳತಾದದ್ದರಿಂದ ಈ ಹಡಗುಗಳು ಮೂಲೆಗೆ ಸೇರಿದವು ಎಂಬ ನಮ್ಮ ಮಾತಿಗೆ ಆಧಾರವೇನು ಎಂಬುದು ಎರಡನೆಯದು.

ಎರಡನೆಯದರಲ್ಲಿ ತಪ್ಪು ನಮ್ಮದೇ. ಈ ಹಡಗುಗಳನ್ನು ನಡೆಸುವ ಎಲ್‌ಎಂ-2500 ಟರ್ಬೈನ್ ಮೂಲತಃ ವಿಮಾನದ ಎಂಜಿನ್ನಿನಿಂದ ರೂಪುಗೊಂಡದ್ದು. ಕೆಟ್ಟರೆ ಹಡಗಿನೊಳಗೇ ಕೂತು ರಿಪೇರಿ ಮಾಡುವ ಬದಲು ಅದನ್ನು ಎತ್ತಿ ಹೊರತೆಗೆದು ಇನ್ನೊಂದನ್ನು ಕೂರಿಸುತ್ತಾರೆ. ಹಲವು ದೇಶಗಳ ನೌಕಾಪಡೆಗಳು ಅದನ್ನೇ ಬಳಸುವುದರಿಂದ ಅದರ ಬಿಡಿಭಾಗಗಳಿಗೆ ಬರವಿಲ್ಲ. ನಮ್ಮ ಶಿವಾಲಿಕ್ ವರ್ಗದ ಫ್ರಿಗೇಟ್‌ಗಳಲ್ಲಿಯೂ ವಿಕ್ರಾಂತ್‌ನಲ್ಲಿಯೂ ಇರುವುದು ಇದೇ ಟರ್ಬೈನ್, ಅದರ ಜೋಡಣೆ ನಡೆದದ್ದು ಇದೇ ಊರಿನ ಎಚ್‌ಎಎಲ್‌ನಲ್ಲಿ. ಊರಿನಲ್ಲೇ ಇದ್ದ ಸಾಕ್ಷಿ ನಮ್ಮ ಕಣ್ಣಿಗೆ ಬೀಳದೆ ಹೋಯಿತು.

ನಿಜವಾಗಿ ಮೊದಲು ಮುಪ್ಪಾದದ್ದು ಕ್ಷಿಪಣಿ ವ್ಯವಸ್ಥೆ. ಮುಂಭಾಗದಲ್ಲಿ ಒಂಟಿ ತೋಳಿನ ಮಾರ್ಕ್-13 ಉಡಾವಣಾ ಯಂತ್ರ, ಅದರಡಿಯ ಉಗ್ರಾಣದಲ್ಲಿ 40 ಕ್ಷಿಪಣಿಗಳು. ಅಮೆರಿಕದ ನೌಕಾಪಡೆ ಲಂಬ ಉಡಾವಣೆಗೆ, ಅಂದರೆ ಕ್ಷಿಪಣಿಗಳನ್ನು ಕೋಶಗಳಿಂದ ನೇರ ಮೇಲಕ್ಕೆ ಹಾರಿಸುವ ವಿಧಾನಕ್ಕೆ ಹೊರಳಿ, ಹಳೆಯ ಸ್ಟ್ಯಾಂಡರ್ಡ್-1 ಕ್ಷಿಪಣಿಯನ್ನು ಕೈಬಿಟ್ಟ ಮೇಲೆ, ಅದನ್ನು ಹಾರಿಸಲೆಂದು ಇದ್ದ ಯಂತ್ರವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ದಂಡದ ಖರ್ಚಾಯಿತು. 2003ರಿಂದಾಚೆಗೆ ಅದನ್ನು ಕಿತ್ತುಹಾಕಲಾಯಿತು. ಆಮೇಲೂ 2015ರಲ್ಲಿ ಕೊನೆಯ ‘ಸಿಂಪ್ಸನ್’ ನಿವೃತ್ತವಾಗುವ ತನಕ ಅವುಗಳನ್ನು ಕ್ಷಿಪಣಿ ಫ್ರಿಗೇಟ್ ಎಂದೇ ಕರೆಯುತ್ತಿದ್ದರು, ಹೆಸರಿನಲ್ಲಷ್ಟೇ ಕ್ಷಿಪಣಿ! ಆಸ್ಟ್ರೇಲಿಯಾ ಬೇರೆ ದಾರಿ ಹಿಡಿದು, ಅದೇ ಯಂತ್ರವನ್ನು ಸ್ಟ್ಯಾಂಡರ್ಡ್-2ಕ್ಕೆ ಒಗ್ಗಿಸಿ, ಅದರ ಮುಂದೆ ಎಂಟು ಕೋಶಗಳ ಲಂಬ ಉಡಾವಕವನ್ನೂ ಸೇರಿಸಿತು.

ಇನ್ನು ಗುಜರಿಯ ಮಾತು. ಹೋಲಿಕೆ ಸರಿಯಾಗಿಯೇ ಇದೆ, ಆದರೆ ಅದರಲ್ಲಿರುವ ತಾತ್ಸಾರವನ್ನು ನಾನು ಒಪ್ಪಲಾರೆ. ಕಂಪನಿ ತಯಾರಿಸುವುದನ್ನೇ ನಿಲ್ಲಿಸಿದ ಸ್ಕೂಟರಿನ ಭಾಗ ಬೇಕಾದವನು ಶಿವಾಜಿನಗರಕ್ಕಲ್ಲದೆ ಎಲ್ಲಿಗೆ ಹೋಗಬೇಕು? ಈ ವರ್ಗದಲ್ಲಿ ಒಟ್ಟು 71 ಹಡಗುಗಳು ಕಟ್ಟಲ್ಪಟ್ಟವು. 51 ಅಮೆರಿಕಕ್ಕೆ, ಉಳಿದವು ಆಸ್ಟ್ರೇಲಿಯಾ, ಸ್ಪೇನ್, ತೈವಾನ್‌ಗಳಿಗೆ. ಕಟ್ಟುವುದು ನಿಂತ ಮೇಲೆ ಈ ವರ್ಗಕ್ಕಷ್ಟೇ ಹೊಂದುವ ಕವಾಟ, ಪಂಪು, ವಿದ್ಯುತ್ ಫಲಕಗಳನ್ನು ಒಂದೆರಡರ ಲೆಕ್ಕದಲ್ಲಿ ಹೊಸದಾಗಿ ಮಾಡಿಸಹೊರಟರೆ ಬೆಲೆ ಕೈಗೆಟುಕದು. ಇಂಥ ಎಂಟು ಹಡಗುಗಳನ್ನು ನಡೆಸುವ ತುರ್ಕಿಗೆ, ಅದೇ ಅಳತೆಯ ಭಾಗಗಳಿರುವ ಒಂಬತ್ತನೆಯದು ತೇಲುವ ಉಗ್ರಾಣವೇ ಸರಿ.

ಎಂಜಿನ್ನಿನ ಕುರಿತ ಆ ವಾಕ್ಯದ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ