ಕ್ರಿಕೆಟ್ ಮಾತ್ರ ಆಡಿದವರು ಅಮೆರಿಕದ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಕೋಚ್ ಆಗಬಹುದೇ?

ನೀವು ಕ್ಯಾಲಿಫೋರ್ನಿಯಾದಲ್ಲಿದ್ದೀರಿ, ಊರಲ್ಲಿ ಆಡಿದ್ದು ಕ್ರಿಕೆಟ್ ಮಾತ್ರ, ಇಲ್ಲಿಗೆ ಬಂದ ಮೇಲೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಹತ್ತಿರದ ಹೈಸ್ಕೂಲ್ ತಂಡಕ್ಕೆ ಸಂಬಳವಿಲ್ಲದೆ ಕೋಚಿಂಗ್ ಮಾಡ್ತೀನಿ ಅಂದರೆ ಸೇರಿಸಿಕೊಳ್ತಾರಾ, ಇಷ್ಟು ತಾನೇ ನಿಮ್ಮ ಪ್ರಶ್ನೆ?

ಖಂಡಿತ ಸೇರಿಸಿಕೊಳ್ತಾರೆ. ನಾನೂ ಮೈಸೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಈಗ ಇಲ್ಲಿನ ಒಂದು ಹೈಸ್ಕೂಲಿನ ಜೆ.ವಿ. ತಂಡಕ್ಕೆ, ಅಂದರೆ ಶಾಲೆಯ ಮುಖ್ಯ ತಂಡವಾದ ವಾರ್ಸಿಟಿಗಿಂತ ಒಂದು ಮೆಟ್ಟಿಲು ಕೆಳಗಿನ ತಂಡಕ್ಕೆ, ಸಹಾಯಕ ಕೋಚ್. ಆಟ ಗೊತ್ತಿರುವ ಅಪ್ಪಂದಿರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ವಾರದ ದಿನ ಮಧ್ಯಾಹ್ನ ಮೂರೂವರೆಗೆ ತಪ್ಪದೆ ಮೈದಾನಕ್ಕೆ ಬರುವವರು ಸಿಗುವುದೇ ಕಷ್ಟ. ನಿಮ್ಮ ಹತ್ತಿರ ಆ ಸಮಯ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಕೇಳಬೇಕಾದದ್ದು ಶಾಲೆಯ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕ್ರೀಡೆಗಳ ಉಸ್ತುವಾರಿ ನೋಡುವವರು, ಮತ್ತು ಹೆಡ್ ಕೋಚ್ ಅನ್ನು. ಪಂದ್ಯಗಳು ಫೆಬ್ರವರಿಯಿಂದ ಮೇ ತನಕ ನಡೆಯುತ್ತವೆ, ಆದ್ದರಿಂದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮೇಲ್ ಹಾಕಿ. ಯಾವ ದಿನ, ಎಷ್ಟು ಹೊತ್ತಿಗೆ ಬರಬಲ್ಲಿರಿ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಆಟದ ಮೇಲಿನ ಪ್ರೀತಿಯನ್ನು ಆಮೇಲೆ ಹೇಳಿದರಾಯ್ತು.

ಕಾಗದಪತ್ರದ ವಿಷಯಕ್ಕೆ ಬಂದರೆ, ಸಂಬಳ ಇರಲಿ ಬಿಡಲಿ ಕೋಚ್‌ಗೆ ನಿಯಮ ಒಂದೇ. ಹಿನ್ನೆಲೆ ತಪಾಸಣೆಗೆ ಲೈವ್ ಸ್ಕ್ಯಾನ್ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಬೆರಳಚ್ಚು ಕೊಡಬೇಕು. ಟಿ.ಬಿ. ಇಲ್ಲ ಅನ್ನುವ ಸರ್ಟಿಫಿಕೇಟ್ ಕೇಳುತ್ತಾರೆ. ಫಸ್ಟ್ ಏಡ್, ಸಿ.ಪಿ.ಆರ್. ಕಲಿತಿರಬೇಕು. ತಲೆಗೆ ಪೆಟ್ಟು ಬಿದ್ದಾಗ, ದಿಢೀರನೆ ಹೃದಯ ನಿಂತಾಗ ಏನು ಮಾಡಬೇಕು ಅನ್ನುವ ಆನ್‌ಲೈನ್ ಕೋರ್ಸ್‌ಗಳೂ ಇವೆ. ಎಲ್ಲ ಮುಗಿಯಲು ಕೆಲವು ವಾರ ಹಿಡಿಯುತ್ತದೆ, ಬೇಗ ಶುರು ಮಾಡಿ.

ಈ ನಡುವೆ ಒಂದು ಫಂಗೋ ಬ್ಯಾಟ್ ಕೊಂಡುಕೊಳ್ಳಿ. ಉದ್ದ, ತೆಳ್ಳಗೆ, ಹಗುರವಾಗಿರುವ ಈ ಬ್ಯಾಟು ಕೋಚ್‌ಗಳು ಫೀಲ್ಡಿಂಗ್ ಅಭ್ಯಾಸ ಕೊಡುವುದಕ್ಕೆಂದೇ ಇರುವುದು. ಒಂದು ಕೈಯಲ್ಲಿ ಚೆಂಡನ್ನು ಸ್ವಲ್ಪ ಮೇಲೆ ಚಿಮ್ಮಿಸಿ, ಅದು ಇಳಿಯುವಾಗ ಎರಡೂ ಕೈಯಿಂದ ಬೀಸಿ ಹೊಡೆಯಬೇಕು. ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಜಾಗ) ನಿಂತ ಹುಡುಗನ ಬಲಕ್ಕೆ ಎರಡು ಹೆಜ್ಜೆ ದೂರ ಅಂದರೆ ಅಲ್ಲಿಗೇ ಹೋಗಬೇಕು. ನೆಲ ಕಚ್ಚಿಕೊಂಡು ಹೋಗುವ ಹೊಡೆತ ಬೇಗ ಬರುತ್ತದೆ. ವಿಕೆಟ್ ಕೀಪರ್ ಥರ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ನ ತಲೆಯ ಮೇಲೆ ನೇರ ಎತ್ತರಕ್ಕೆ ಹೊಡೆಯುವುದು ಎಲ್ಲಕ್ಕಿಂತ ಕಷ್ಟ, ಅದನ್ನು ಪಾರ್ಕಿನಲ್ಲಿ ಒಬ್ಬರೇ ಅಭ್ಯಾಸ ಮಾಡಿ. ಫಂಗೋ ಚೆನ್ನಾಗಿ ಹೊಡೆಯುವ ಸಹಾಯಕನನ್ನು ಯಾವ ಹೆಡ್ ಕೋಚೂ ಬಿಟ್ಟುಕೊಡುವುದಿಲ್ಲ.

ಕ್ರಿಕೆಟ್ ಹಿನ್ನೆಲೆ ಬಗ್ಗೆ ಸಂಕೋಚ ಬೇಡ. ಆಸ್ಟ್ರೇಲಿಯಾದ ಕ್ರಿಕೆಟ್ ತಂಡಕ್ಕೆ ಫೀಲ್ಡಿಂಗ್ ಹೇಳಿಕೊಟ್ಟ ಮೈಕ್ ಯಂಗ್ ಮೂಲತಃ ಅಮೆರಿಕದ ಬೇಸ್‌ಬಾಲ್ ಕೋಚ್. ಎತ್ತರದ ಕ್ಯಾಚಿನ ಕೆಳಗೆ ಓಡಿ ನಿಲ್ಲುವುದು, ಚೆಂಡಿನ ಸಾಲಿಗೆ ಮೈ ತರುವುದು ಎರಡೂ ಆಟಕ್ಕೆ ಒಂದೇ. ಆದರೆ ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದು, ಬೌಲಿಂಗ್ ಅಲ್ಲ. ಎಸೆಯುವ ಶೈಲಿ ತಿದ್ದುವ ಕೆಲಸವನ್ನು ಪಿಚಿಂಗ್ ಕೋಚ್‌ಗೇ ಬಿಡಿ.

ನಿಮ್ಮ ಕೆಲಸ ಪಿಚರ್‌ನ ತೋಳು ಕಾಯುವುದು. ಕೋಚಿಂಗ್‌ನಲ್ಲಿ ನನಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. 2017ರ ಸೀಸನ್ನಿನಿಂದ ರಾಷ್ಟ್ರೀಯ ಹೈಸ್ಕೂಲ್ ನಿಯಮದ ಪ್ರಕಾರ ಪ್ರತಿ ರಾಜ್ಯವೂ ಎಸೆತಗಳಿಗೆ ಮಿತಿ ಹಾಕಲೇಬೇಕು. ಮೇಜರ್ ಲೀಗ್‌ನ ಪಿಚ್ ಸ್ಮಾರ್ಟ್ ಸಲಹೆ ಇನ್ನೂ ಸ್ಪಷ್ಟವಾಗಿದೆ: 15-16 ವಯಸ್ಸಿನವರು ದಿನಕ್ಕೆ 95 ಎಸೆತ ದಾಟಬಾರದು, 76 ಅಥವಾ ಅದಕ್ಕಿಂತ ಜಾಸ್ತಿ ಎಸೆದರೆ 4 ದಿನ ವಿಶ್ರಾಂತಿ. ಮೊಣಕೈಯ ಲಿಗಮೆಂಟ್ ಹರಿದರೆ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆಯ ಹೆಸರು ನೀವು ಕೇಳಿರುತ್ತೀರಿ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅದನ್ನು ಮೊದಲು ಮಾಡಿದ್ದು ಒಬ್ಬ ವೃತ್ತಿಪರ ಆಟಗಾರನಿಗೆ. ಇವತ್ತು ಹೈಸ್ಕೂಲ್ ಮಕ್ಕಳೂ ಅದನ್ನು ಮಾಡಿಸಿಕೊಳ್ಳುತ್ತಿದ್ದಾರೆ. ನನಗೆ ಇದು ತುಂಬ ನೋವಿನ ಸಂಗತಿ.

ಕೈಯಲ್ಲಿ ಕ್ಲಿಕ್ಕರ್ ಇಟ್ಟುಕೊಂಡು ಎಣಿಸಿ, ಆದರೆ ಕಣ್ಣು ಹುಡುಗನ ಮೇಲಿರಲಿ. ದಣಿದ ಪಿಚರ್‌ನ ಮೊಣಕೈ ಕೆಳಗಿಳಿಯುತ್ತದೆ. ಚೆಂಡುಗಳು ಒಂದರ ಹಿಂದೆ ಒಂದು ಮೇಲೆ ಹೋಗತೊಡಗುತ್ತವೆ. ಎರಡು ಎಸೆತಗಳ ನಡುವೆ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಸುತ್ತ ಸುಮ್ನೆ ಓಡಾಡುತ್ತಾನೆ, ತೋಳು ಕೊಡವುತ್ತಾನೆ. ಕೇಳಿದರೆ 'ಐ ಆಮ್ ಗುಡ್, ಕೋಚ್' ಅಂತಲೇ ಹೇಳುತ್ತಾನೆ. ನೋವು ಅಂದರೆ ಆಡಿಸಲ್ಲ ಅನ್ನುವ ಭಯ, ಪಾಪ. ಅವನ ಮಾತು ನಂಬಿಕೊಂಡು ಕೂರಬೇಡಿ, ಕಂಡದ್ದನ್ನು ತಕ್ಷಣ ಹೆಡ್ ಕೋಚ್‌ಗೆ ಹೇಳಿ. ತಂಡ ಒಂದು ರನ್ನಿನಿಂದ ಮುಂದಿದ್ದರೂ ಹೇಳಿ.

ಇನ್ನು ಆಫೀಸು. ಪಂದ್ಯಗಳು ಸಾಮಾನ್ಯವಾಗಿ ನಾಲ್ಕು ಗಂಟೆಗೆ, ಬೇರೆ ಊರಿನಲ್ಲಾದರೆ ಇನ್ನೂ ಬೇಗ ಹೊರಡಬೇಕು. ಬೆಳಿಗ್ಗೆ ಬೇಗ ಕೂತು ಮಧ್ಯಾಹ್ನ ಎದ್ದು ಬರಲು ಆಗುತ್ತದಾ ಅಂತ ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿ. ಅವರು ಹೂಂ ಅಂದ ಮೇಲೆಯೇ ಶಾಲೆಗೆ ಮಾತು ಕೊಡಿ.